ಮೆಟ್ಟಿಲ ಕೆಳಗೆ ಕುಣಿಗಲ್ಲಿನ ನೊಣಗಳು

ರವೆ ಗಂಟು ಕಟ್ಟಬಾರದು. ಕುದಿಯುವ ಬೆಲ್ಲದ ನೀರಿಗೆ ಎಡಗೈಯಿಂದ ರವೆ ಉದುರಿಸುತ್ತ, ಬಲಗೈಯಲ್ಲಿ ಸೌಟು ತಿರುಗಿಸುತ್ತ ಚಿಕ್ಕಮಾರಮ್ಮ ಪಾತ್ರೆಯೊಳಗೇ ಕಣ್ಣು ನೆಟ್ಟಿದ್ದಾರೆ. ಹೊರಗೆ ಇನ್ನೂ ನಸುಕು. ಕಾಲೇಜಿನ ಹಿಂದಿನ ಗೇಟು ತೆರೆದು ಬಂದ ಕಾವಲುಗಾರ ಗುಂಡಯ್ಯ ಮೂಗರಳಿಸಿ ನಿಲ್ಲುತ್ತಾರೆ.

"ಏನಮ್ಮ, ಕೇಸರಿಬಾತಾ? ದ್ರಾಕ್ಷಿ ಗೋಡಂಬಿ ಒಂದೂ ಕಾಣಾಕಿಲ್ವಲ್ಲ."

"ನಿಂಗಲ್ಲ ಬುಡಪ್ಪ."

"ಮತ್ಯಾರ್ಗೆ?"

"ನೊಣುಕ್ಕೆ."

"ದಿನಾ ಕೇಳ್ತೀನಿ, ಒಂದಿನಾನಾದ್ರೂ ನಿಂಗೆ ಅಂದಿಲ್ಲ ನೀನು."

"ರೆಕ್ಕೆ ಬಂದ್ಮ್ಯಾಕೆ ಬಾ, ಹಾಕ್ತೀನಿ."

ಪಾತ್ರೆಯಲ್ಲಿರುವುದು ನಿಜವಾಗಿಯೂ ನೊಣಗಳ ಊಟ. ಮಾಗಿದ ಬಾಳೆಹಣ್ಣಿಗೆ ಮುತ್ತುವ, ಕೈ ಬೀಸಿದರೆ ಎದ್ದು ಮತ್ತೆ ಅಲ್ಲೇ ಕೂರುವ, ಎಳ್ಳಿನಷ್ಟು ಚಿಕ್ಕ ಹಣ್ಣಿನ ನೊಣಗಳು. ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಎಂಬ ಪಾಚಿ ಪುಡಿ, ಬೂಸ್ಟು ಬಾರದಿರಲು ಕೆಲವು ಹನಿ ಆಮ್ಲ. ಆಮ್ಲ ಬಿದ್ದ ಮೇಲೆ ಇದನ್ನು ಗುಂಡಯ್ಯನವರೂ ತಿನ್ನಲಾರರು. ಬಿಸಿಯಿರುವಾಗಲೇ ಗಾಜಿನ ಬಾಟಲಿಗಳಿಗೆ ಬಗ್ಗಿಸಿ, ತಣಿದ ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ, ಬಾಯಿಗೆ ಹತ್ತಿ ತುರುಕಿದರೆ ನೊಣಗಳ ಒಂದು ಸಂಸಾರಕ್ಕೆ ಮನೆ ಸಿದ್ಧ. ಹಳೆಯ ಬಾಟಲಿಯ ತಳಕ್ಕೆ ಕಪ್ಪು ಬಟ್ಟೆ ಸುತ್ತಿ, ಬಾಯಿಗೆ ಬಾಯಿ ಕೊಟ್ಟು ಹೊಸ ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ. ನೊಣಗಳು ಕತ್ತಲು ಬಿಟ್ಟು ಮೇಲಕ್ಕೆ ನಡೆಯುತ್ತವೆ. "ಕರೆಂಟ್ ಹೋದ್ರೆ ನಾವೂ ಹೊಸ್ಲತ್ರ ಬಂದು ಕೂತ್ಕಳಾಕಿಲ್ವಾ, ಹಂಗೆ," ಎನ್ನುತ್ತಾರೆ.

ತುಮಕೂರಿನ ಈ ಪದವಿ ಕಾಲೇಜಿನ ಹೆಸರನ್ನು ಲೇಖನದಲ್ಲಿ ಹಾಕಬೇಡಿ ಎಂದು ಇಲ್ಲಿ ಎಲ್ಲರೂ ನನ್ನನ್ನು ಕೇಳಿಕೊಂಡಿದ್ದಾರೆ. ಹಾಕಿದ್ದರೂ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲ. ಚಿಕ್ಕಮಾರಮ್ಮ ಇಲ್ಲಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸಹಾಯಕಿ, ಹೊರಗುತ್ತಿಗೆ ನೌಕರಿ. ನೊಣಗಳು ಅವರವಲ್ಲ. ಬಿಎಸ್ಸಿ ಕೊನೆಯ ವರ್ಷದ ಪೂಜಾ ಮತ್ತು ಅರ್ಜೂ ಎಂಬಿಬ್ಬರ ಸಂಶೋಧನೆಯವು. ಹುಡುಗಿಯರ ಪ್ರಶ್ನೆ ಸರಳವಾಗಿದೆ: ಇಡೀ ದಿನ ಬಿಸಿಲಲ್ಲಿ ನಿಲ್ಲುವ ತಳ್ಳುಗಾಡಿಯ ನೊಣ, ನೆರಳಲ್ಲಿರುವ ಹಣ್ಣಿನ ಮಂಡಿಯ ನೊಣಕ್ಕಿಂತ ಹೆಚ್ಚು ಶಾಖ ತಡೆಯುತ್ತದೆಯೇ? ಅದಕ್ಕೆ ಮೂರು ಊರಿನ ನೊಣ ಹಿಡಿದರು. ತುಮಕೂರಿನವು ಹಣ್ಣಿನ ಮಂಡಿಯವು. ಗುಬ್ಬಿಯವನ್ನು ನಿಟ್ಟೂರಿನ ಪೂಜಾ ಮನೆಗೆ ಹೋಗುವ ದಾರಿಯಲ್ಲಿ ಒಂದು ಜ್ಯೂಸ್ ಅಂಗಡಿಯಲ್ಲಿ ಹಿಡಿದಳು. ಕುಣಿಗಲ್ಲಿನವು ಬಸ್ ಸ್ಟ್ಯಾಂಡ್ ಎದುರಿನ ಒಂದು ಹಣ್ಣಿನ ಗಾಡಿಯವು. ಆ ಗಾಡಿ ಅರ್ಜೂಳ ತಾತ ದಸ್ತಗೀರ್ ಸಾಬರದು. ಮೊಮ್ಮಗಳು ತನ್ನ ಗಾಡಿಯ ಮೇಲೆ ನೊಣ ಹಿಡಿಯುವುದನ್ನು ಗಿರಾಕಿಗಳು ನೋಡುತ್ತಾರಲ್ಲ ಎಂದು ಅವರು ಅವತ್ತು ತುಂಬ ನೊಂದುಕೊಂಡರಂತೆ.

ಹಿಡಿದ ಕೂಡಲೇ ಪರೀಕ್ಷಿಸುವಂತಿಲ್ಲ. ಮೂರೂ ಊರಿನವನ್ನು ಒಂದೇ ಊಟ, ಒಂದೇ ತಂಪಿನಲ್ಲಿ ಕೆಲವು ತಲೆಮಾರು ಸಾಕಬೇಕು. ಆಮೇಲೂ ವ್ಯತ್ಯಾಸ ಉಳಿದರೆ ಅದು ರಕ್ತದಲ್ಲಿದೆ ಎಂದರ್ಥ. ಚಳಿಗಾಲದಿಂದ ಸಾಕುತ್ತಿದ್ದಾರೆ. ಕೊನೆಯ ಶಾಖದ ಪರೀಕ್ಷೆಯೊಂದು ಬಾಕಿ. ಅದಾದರೆ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮಾವೇಶದಲ್ಲಿ ಇಬ್ಬರೂ ಅದನ್ನು ಮಂಡಿಸಬಹುದು. ಅಲ್ಲಿ ಚೆನ್ನಾಗಿ ಮಂಡಿಸಿದವರಿಗೆ ರಜೆಯಲ್ಲಿ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ. ಅರ್ಜೂಗೆ ಬೇಕಿರುವುದು ಅದು. "ಫ್ರಿಜ್ಜಲ್ಲಿ ಸ್ಟಾಫ್‌ದು ಟಿಫನ್ ಬಾಕ್ಸ್ ಇಲ್ದಿರೋ ಲ್ಯಾಬ್ ಒಂದ್ಸಲ ನೋಡ್ಬೇಕು," ಎನ್ನುತ್ತಾಳೆ.

ತೊಂದರೆಯೆಂದರೆ ನೊಣಗಳಿಗೆ ಪರೀಕ್ಷಾ ವೇಳಾಪಟ್ಟಿ ಗೊತ್ತಿಲ್ಲ. ಕಾಲೇಜಿಗೆ ಅದರ ಹೊರತು ಬೇರೇನೂ ಗೊತ್ತಿಲ್ಲ.

ಒಂದೇ ವಾರದಲ್ಲಿ ಎರಡು ಸುತ್ತೋಲೆ ಬಂದವು. ಪದವಿ ಹಂತದಲ್ಲೇ ಸಂಶೋಧನಾ ಮನೋಭಾವ ಬೆಳೆಸಬೇಕು ಎನ್ನುತ್ತದೆ ಮೊದಲನೆಯದು. ಪರೀಕ್ಷೆ ಮುಗಿಯುವವರೆಗೆ ಪ್ರಯೋಗಾಲಯಗಳನ್ನು ಖಾಲಿ ಮಾಡಿ ಬೆಂಚು ಹಾಕಬೇಕು ಎನ್ನುತ್ತದೆ ಎರಡನೆಯದು. ಎರಡರ ಕೆಳಗೂ ಒಂದೇ ಸಹಿ. ಹೀಗೆ ಪ್ರಾಣಿಶಾಸ್ತ್ರ ಪ್ರಯೋಗಾಲಯ ಪರೀಕ್ಷೆ ಬರೆಯುವ ಕೋಣೆ, ಎಂದರೆ ಬ್ಲಾಕ್ ಆಯಿತು. ಗಾಜಿನ ಜಾಡಿಯಲ್ಲಿರುವ ಹಾವಿಗೆ ಹಳೆಯ ಪೇಪರು ಸುತ್ತಲಾಯಿತು, ಬರೆಯುವವರು ಹೆದರಬಾರದೆಂದು. ನೊಣಗಳನ್ನು ಉಗ್ರಾಣಕ್ಕೆ ಕಳಿಸಿದರು. ಅಲ್ಲಿಗೆ ಖಾಲಿ ಉತ್ತರಪತ್ರಿಕೆಯ ಕಟ್ಟುಗಳು ಬಂದವು. ಜನರೇಟರ್ ಶೆಡ್ಡಿಗೆ ಕಳಿಸಿದರು. ಅಲ್ಲಿ ಮೇ ತಿಂಗಳ ತಗಡಿನ ಕೆಳಗೆ ಮನುಷ್ಯರೇ ನಿಲ್ಲಲಾರರು, ತಂಪಿಲ್ಲದಿದ್ದರೆ ಈ ನೊಣಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸುತ್ತವೆ. ಕೊನೆಗೆ ಚಿಕ್ಕಮಾರಮ್ಮ ಯಾರನ್ನೂ ಕೇಳದೆ ಬಾಟಲಿಗಳನ್ನು ಮೆಟ್ಟಿಲ ಕೆಳಗಿನ ಗೂಡಿಗೆ ತಂದರು. ಅಗಲವಾದ ಬಾಣಲೆಗಳಲ್ಲಿ ಒದ್ದೆ ಮರಳು ತುಂಬಿ, ಬಾಟಲಿಗಳನ್ನು ಅರ್ಧ ಹೂತು, ಮುಂದೆ ಒದ್ದೆ ಗೋಣಿ ಇಳಿಬಿಟ್ಟರು.

ಇಡೀ ಕಾಲೇಜಿನಲ್ಲಿ ಎಸಿ ಇರುವ ಕೋಣೆ ಒಂದೇ. ಅಲ್ಲಿ ಪ್ರಶ್ನೆಪತ್ರಿಕೆ ಮುದ್ರಿಸುವ ಯಂತ್ರವಿದೆ. ಯಂತ್ರಕ್ಕೆ ಸೆಕೆಯಾಗಬಾರದು.

ಮೆಟ್ಟಿಲ ಪಕ್ಕದಲ್ಲೇ ಇನ್ನೊಂದು ಕೋಣೆಯಿದೆ. ಬಾಗಿಲ ಮೇಲೆ ‘ವಿದ್ಯಾರ್ಥಿ ಸಹಾಯ ಕೇಂದ್ರ’ ಎಂಬ ಹೊಸ ಬೋರ್ಡು. ಪರೀಕ್ಷಾ ಸಮಯದ ಆತಂಕಕ್ಕೆ ಇಲ್ಲಿ ಸಲಹೆ ದೊರೆಯುತ್ತದೆ ಎಂದು ಕೆಳಗೆ ಬರೆದಿದೆ. ಬೀಗ ಹಾಕಿದೆ. ಕೇಂದ್ರದ ಉಸ್ತುವಾರಿಯವರಿಗೆ ಪರೀಕ್ಷಾ ಕರ್ತವ್ಯ.

ಆದ್ದರಿಂದ ಸಹಾಯ ಸಿಗುವುದು ಪಕ್ಕದ ಗೋಣಿಯ ಎದುರು, ಒಂದು ಮುರುಕು ಸ್ಟೂಲಿನ ಬಳಿ. ಬೆಳಿಗ್ಗೆಯಿಂದಲೇ ಹುಡುಗಿಯರು ಬರುತ್ತಾರೆ. ಮೊಬೈಲು, ವಾಚು, ಬ್ಯಾಗು ಚಿಕ್ಕಮಾರಮ್ಮನವರ ಕಾಲಬುಡಕ್ಕೆ. ಪಿನ್ನು ಬೇಕು. ನೀರು ಬೇಕು. ಒಬ್ಬಳಿಗೆ ಹೊಟ್ಟೆನೋವು. ಇನ್ನೊಬ್ಬಳು ಓದಿದ್ದೆಲ್ಲ ಮರೆತುಹೋಯಿತು ಎಂದು ಗೋಡೆಗೆ ಒರಗಿ ನಿಂತಿದ್ದಾಳೆ.

"ಮರ್ತೋಗಿದ್ರೆ ಮರ್ತೋಗಿರೋದಾದ್ರೂ ಏನು ಅಂತ ಯೋಳು," ಎನ್ನುತ್ತಾರೆ ಚಿಕ್ಕಮಾರಮ್ಮ.

ಹುಡುಗಿ ಹೇಳುತ್ತಾಳೆ. ಹೇಳುತ್ತಲೇ ಹೋಗುತ್ತಾಳೆ.

"ಹೂಂ, ಇದ್ನೇ ಬರಿ ಹೋಗು. ನಂಗೇನೂ ಅರ್ಥಾಗ್ನಿಲ್ಲ, ಅಂದ್ರೆ ಸರಿಯಾಗೇ ಐತೆ."

ಚಿಕ್ಕಮಾರಮ್ಮನವರ ಊರು ಬೆಳ್ಳಾವಿ. ಮೊದಲ ಬಸ್ಸಿಗೆ ಹೊರಟು ಬರುತ್ತಾರೆ. ಮೊದಲು ಅಲ್ಲೇ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ಮಕ್ಕಳು ಕಮ್ಮಿಯಾಗುತ್ತ ಬಂದು ಕೊನೆಗೆ ಶಾಲೆಯನ್ನೇ ಇನ್ನೊಂದಕ್ಕೆ ಸೇರಿಸಿದರು. ಹೊಸ ಶಾಲೆಯಲ್ಲಿ ಅಡುಗೆಗೆ ಬೇರೆಯವರಿದ್ದರು. "ಮಕ್ಳೆಲ್ಲ ವ್ಯಾನ್ ಹತ್ತಿ ಇಂಗ್ಲಿಷ್ ಸ್ಕೂಲ್ಗೋದ್ರು. ನಾನು ಬಸ್ ಹತ್ತಿ ಇಲ್ಲಿಗ್ ಬಂದೆ," ಎನ್ನುತ್ತಾರೆ. ಕಸ ಗುಡಿಸಲು ಬಂದವರು ಗಾಜು ತೊಳೆಯಲು ಕಲಿತರು, ಆಮೇಲೆ ಪ್ರಯೋಗಾಲಯಕ್ಕೇ ಬಂದರು. ನೊಣದ ಊಟವನ್ನು ಯಾರೂ ಕಲಿಸಬೇಕಾಗಲಿಲ್ಲ. ನೊಣಗಳ ಬಗ್ಗೆ ವಿಶೇಷ ಪ್ರೀತಿಯೂ ಇಲ್ಲ. "ಹತ್ತೋ ಹನ್ನೆಲ್ಡೋ ದಿನುಕ್ಕೆ ಮರಿ ಅಪ್ಪ ಆಗ್ಬುಡ್ತದೆ, ಇನ್ನಷ್ಟು ದಿನುಕ್ಕೆ ತಾತ. ಯಾರು ಯಾರ ಮಗ ಅಂತ ನಂಗೆ ಯಾಕೆ? ಹುಡ್ಗೀರು ಎಕ್ಸಾಮ್ ಬರೀತಾವೆ, ಅಲ್ಲೀಗಂಟ ಸಾಯ್ದಂಗೆ ನೋಡ್ಕ ಅಂದ್ವು. ನೋಡ್ಕತೀನಿ ಅಂದೆ."

ಮುಂದಿನದನ್ನು ಹೇಳಲು ಅವರಿಗೆ ಇಷ್ಟವಿಲ್ಲ. ಹೇಳದೆ ಈ ಲೇಖನವೂ ಇಲ್ಲ.

ಪರೀಕ್ಷೆಯ ಮೊದಲ ದಿನ ಎಲ್ಲ ಬ್ಲಾಕುಗಳಿಗೂ ಸಾಂಬ್ರಾಣಿ ಹಾಕುವುದು ಚಿಕ್ಕಮಾರಮ್ಮ ತಾವೇ ಶುರುಮಾಡಿದ ಪದ್ಧತಿ. ಹಿಂದೊಮ್ಮೆ ಬರೆಯುತ್ತಿದ್ದ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದಿದ್ದಳು. ಕೋಣೆಗೆ ದೃಷ್ಟಿಯಾಗಿದೆ ಎಂದು ಇವರು ಮರುದಿನ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ತೋರಿಸಿದರು. ಅವತ್ತು ಯಾರೂ ಬೀಳಲಿಲ್ಲ. ಈಗ ಹಾಕದಿದ್ದರೆ ಹುಡುಗಿಯರೇ ಬಿಡುವುದಿಲ್ಲ. "ಆಂಟಿ, ನಮ್ ಬ್ಲಾಕ್‌ಗೆ ಬರ್ಲೇ ಇಲ್ಲ ನೀವು" ಎಂದು ಅರ್ಜೂ ಕೂಡ ಕಳೆದ ವರ್ಷ ಜಗಳ ಮಾಡಿದ್ದಳು. ಭೌತಶಾಸ್ತ್ರದ ಪರೀಕ್ಷೆ ಬರೆಯುವವರಿಗೂ ಹೊಗೆ ಬೇಕು. ಮೇಷ್ಟ್ರುಗಳು ಕೆಮ್ಮುತ್ತ ಸುಮ್ಮನಿರುತ್ತಾರೆ.

ಈ ಸಲವೂ ಎಲ್ಲ ಬ್ಲಾಕ್ ಮುಗಿಸಿ ಮೆಟ್ಟಿಲ ಕೆಳಗೆ ಬಂದರು. ಗೋಣಿ ಸರಿಸಿ, ಸಾಂಬ್ರಾಣಿಯ ತಟ್ಟೆಯನ್ನು ಬಾಟಲಿಗಳ ಮುಂದೆ ಒಂದು ಸುತ್ತು ಆಡಿಸಿದರು. "ಅವ್ಕೂ ಎಕ್ಸಾಮೇ ಅಲ್ವಾ ಅನ್ಕಂಡೆ." ಅಷ್ಟರಲ್ಲಿ ಮೇಲಿನಿಂದ ಯಾರೋ ಕೂಗಿದರು, ಒಬ್ಬಳು ಹಾಲ್ ಟಿಕೆಟ್ ಮನೆಯಲ್ಲೇ ಬಿಟ್ಟು ಬಂದು ಅಳುತ್ತಿದ್ದಾಳೆ. ಚಿಕ್ಕಮಾರಮ್ಮ ಕೆಂಡದ ತಟ್ಟೆಯನ್ನು ಅಲ್ಲೇ ಇಟ್ಟು ಓಡಿದರು. ಗೋಣಿ ಹಿಂದೆಯೇ ಮುಚ್ಚಿಕೊಂಡಿತು.

ಅವರು ಮರಳಿದಾಗ ಗೂಡಿನ ತುಂಬ ಹೊಗೆ. ಹಿಂದಿನ ಬಾಣಲೆಗಳಲ್ಲಿದ್ದ ತುಮಕೂರು, ಗುಬ್ಬಿ ಬಾಟಲಿಗಳಲ್ಲಿ ಅರ್ಧದಷ್ಟು ನೊಣಗಳು ಇನ್ನೂ ಓಡಾಡುತ್ತಿದ್ದವು. ತಟ್ಟೆಯ ಎದುರಿಗೇ ಇದ್ದ ಕುಣಿಗಲ್ ಬಾಟಲಿಗಳಲ್ಲಿ ಎಲ್ಲವೂ ಅಂಗಾತ ಬಿದ್ದಿದ್ದವು.

ಇವರು ಹೆದರಲಿಲ್ಲ. ಇದುವೇ ಈ ಕಥೆಯಲ್ಲಿ ತಾಳಿಕೊಳ್ಳಲಾಗದ ಸಂಗತಿ. ಗಂಡು ಹೆಣ್ಣು ವಿಂಗಡಿಸುವ ಮುನ್ನ ಹುಡುಗಿಯರು ನೊಣಗಳಿಗೆ ಪ್ರಜ್ಞೆ ತಪ್ಪಿಸುವ ಈಥರ್ ತೋರಿಸುವುದನ್ನು ಇವರು ದಿನವೂ ನೋಡಿದ್ದರು. ನೊಣಗಳು ಹೀಗೇ ಬೀಳುತ್ತವೆ, ಸ್ವಲ್ಪ ಹೊತ್ತಿಗೆ ಏಳುತ್ತವೆ. ಇವೂ ಏಳುತ್ತವೆ ಎಂದುಕೊಂಡರು. ಬಾಟಲಿಗಳನ್ನು ಹೊರಗೆ ತಂದು, ಹತ್ತಿ ಸಡಿಲಿಸಿ, ರಟ್ಟಿನಿಂದ ಗಾಳಿ ಬೀಸುತ್ತ ಕುಳಿತರು. ಮೇಲೆ ಪರೀಕ್ಷೆ ನಡೆಯುತ್ತಿತ್ತು. ಕೊನೆಯ ಗಂಟೆ ಹೊಡೆದು ಅರ್ಜೂ ಇಳಿದು ಬಂದಾಗಲೂ ಬೀಸುತ್ತಲೇ ಇದ್ದರು.

"ಶ್, ಎಬ್ಬಿಸ್ಬ್ಯಾಡ, ಇನ್ನೇನ್ ಎದ್ಬುಡ್ತವೆ ಅಂದೆ ಆ ಮಗೀಗೆ," ಎನ್ನುತ್ತಾರೆ. "ಅವ್ಳು ಬಾಟ್ಲಿ ನೋಡುದ್ಲು. ನನ್ನ ನೋಡುದ್ಲು. ಬೈದಿದ್ರೆ ಚೆನ್ನಾಗಿತ್ತು."

ಬೈದವಳು ಪೂಜಾ. "ಸಾಂಬ್ರಾಣಿ ಹಾಕೋಕೆ ಅದೇನ್ ದೇವ್ರ ಗೂಡಾ ಆಂಟಿ? ಡಿಸೆಂಬರಿಂದ ಸಾಕಿದೀವಿ." ಆಮೇಲೆ ಅವಳೇ ಅರ್ಜೂಗೂ ಬೈದಳು, "ಮೊದ್ಲು ಕೆಮಿಸ್ಟ್ರಿ ಓದು ಕಣೇ, ನೊಣ ಹೋಗಿದ್ದಕ್ಕೆ ಸೆಮಿಸ್ಟರೂ ಹೋಗ್ಬೇಕಾ?" ಅವಳು ಹೇಳುವುದೂ ಸರಿ. ಇಡೀ ವರ್ಷ ಸಂಶೋಧನೆ ಮಾಡಿ ಎಂದು ಹೇಳಿ, ಪ್ರಯೋಗದ ಫಲಿತಾಂಶ ಬರುವ ತಿಂಗಳಲ್ಲೇ ಇವರನ್ನು ಪರೀಕ್ಷೆಗೆ ಕೂರಿಸುವ ವ್ಯವಸ್ಥೆಯನ್ನು ಬೈಯಲು ಅವಳಿಗೆ ಪುರುಸೊತ್ತಿಲ್ಲ. ಕೈಗೆ ಸಿಕ್ಕವರನ್ನು ಬೈಯುತ್ತಾಳೆ.

ಮಾರ್ಗದರ್ಶಕ ರವೀಶ್ ಅತಿಥಿ ಉಪನ್ಯಾಸಕರು. ಅವರನ್ನು ಬೇರೆ ಸೆಮಿಸ್ಟರಿನ ಮೌಲ್ಯಮಾಪನಕ್ಕೆ ಪರ ಊರಿಗೆ ಹಾಕಲಾಗಿದೆ. ಅಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಸಂಜೆ ಅವರು ಸಿಕ್ಕಾಗ ಒಂದೇ ಪ್ರಶ್ನೆ ಕೇಳಿದರು: ಗಾಜಿನ ಗೋಡೆಗೆ ಕಂದು ಗೂಡುಗಳು ಅಂಟಿವೆಯೇ? ಹುಳು ನೊಣವಾಗುವ ಮುನ್ನ ರವೆಯಿಂದ ಮೇಲೆ ಹತ್ತಿ, ಅಕ್ಕಿ ನುಚ್ಚಿನಷ್ಟು ದೊಡ್ಡ ಗೂಡಾಗಿ ಅಂಟಿಕೊಳ್ಳುತ್ತದೆ. ಅಂಟಿದ್ದವು. ಗೂಡಿನೊಳಗಿರುವವು ಹೊಗೆ ತಡೆದಿರಲೂಬಹುದು, ತಡೆಯದಿರಲೂಬಹುದು ಎಂದರು ರವೀಶ್. ಅಲ್ಲಾಡಿಸಬೇಡಿ, ತಂಪಾಗಿಡಿ, ನಾಲ್ಕೈದು ದಿನ ಕಾಯಿರಿ. ಅವುಗಳಿಂದ ಒಂದಷ್ಟು ನೊಣ ಹೊರಬಂದರೆ ಕುಣಿಗಲ್ ಸಂತತಿ ಉಳಿಯಿತು. ಬರದಿದ್ದರೆ ಮೂರು ಊರಿನ ಪ್ರಶ್ನೆಗೆ ಎರಡೇ ಊರಿನ ಉತ್ತರ. ಬಿಸಿಲ ಗಾಡಿಯ ನೊಣವೇ ಇಲ್ಲದ ಮೇಲೆ ಪ್ರಶ್ನೆಗೇ ಅರ್ಥವಿಲ್ಲ. ಹೊಸದಾಗಿ ಹಿಡಿದು ತಂದು ಮತ್ತಷ್ಟು ತಲೆಮಾರು ಸಾಕುವ ಹೊತ್ತಿಗೆ ಹುಡುಗಿಯರು ಕಾಲೇಜಿನಲ್ಲೇ ಇರುವುದಿಲ್ಲ.

ಇವತ್ತು ಐದನೆಯ ದಿನ.

ಈ ಐದು ದಿನವೂ ಚಿಕ್ಕಮಾರಮ್ಮ ಅಡುಗೆ ನಿಲ್ಲಿಸಿಲ್ಲ. ಕುಣಿಗಲ್ಲಿನವು ಬಂದರೆ ಅವಕ್ಕೆ ಹೊಸ ಮನೆ ಬೇಕಲ್ಲ. ಗೋಣಿಗೆ ನೀರು ಚಿಮುಕಿಸುತ್ತಾರೆ, ಬಾಟಲಿ ಮುಟ್ಟದೆ ಬಗ್ಗಿ ನೋಡುತ್ತಾರೆ, ಮತ್ತೆ ಸ್ಟೂಲಿಗೆ ಬರುತ್ತಾರೆ. ನಿನ್ನೆ ನಕಲು ಹಿಡಿಯುವ ಸ್ಕ್ವಾಡ್ ಬಂದಿತ್ತು. ಅವರಲ್ಲೊಬ್ಬರಿಗೆ ಹತ್ತಿಯ ಬಿರಡೆಗಳ ಮೇಲೆ ಗುಮಾನಿ. ಒಳಗೆ ಚೀಟಿ ಇಟ್ಟಿದ್ದೀರಾ ಎಂದು ಕೇಳಿದರು.

"ತೆಗ್ದು ನೋಡಿ ಸಾ. ಹಾರೋದ್ರೆ ನೀವೇ ಹಿಡ್ಕೊಡ್ಬೇಕು," ಎಂದರಂತೆ ಇವರು. ಸ್ಕ್ವಾಡ್ ಮುಂದೆ ಹೋಯಿತು.

ಸಾಂಬ್ರಾಣಿಯ ವಿಷಯ ಆಫೀಸಿಗೂ ಮುಟ್ಟಿದೆ. ಇನ್ನು ಕೆಲವು ವಾರಕ್ಕೆ ಕೆಲಸಗಾರರನ್ನು ಒದಗಿಸುವ ಏಜೆನ್ಸಿ ಬದಲಾಗುತ್ತದೆ. ಹೊಸ ಏಜೆನ್ಸಿ ಹಳಬರಲ್ಲಿ ಯಾರನ್ನು ಇಟ್ಟುಕೊಳ್ಳಬೇಕೆಂದು ಕಾಲೇಜನ್ನು ಕೇಳುತ್ತದೆ. ಪರೀಕ್ಷಾ ಕಟ್ಟಡದಲ್ಲಿ ಕೆಂಡ ಬಿಟ್ಟುಹೋದವರು ಎಂಬ ಮಾತು ಆಗ ಯಾರ ಬಾಯಲ್ಲಾದರೂ ಬಂದರೆ ಸಾಕು. ಚಿಕ್ಕಮಾರಮ್ಮನವರಿಗೆ ಇದು ಗೊತ್ತಿದೆ. "ಮಾಡಿದ್ದೀನಲ್ಲ. ಇಲ್ಲ ಅನ್ನಕಾಯ್ತದಾ?" ಎನ್ನುತ್ತಾರೆ.

ಇವತ್ತು ಅರ್ಜೂಗೆ ರಸಾಯನಶಾಸ್ತ್ರ. ಒಳಗೆ ಹೋಗುವ ಮುನ್ನ ಬಂದು ಗೋಣಿ ಸರಿಸಿ ಒಮ್ಮೆ ಇಣುಕುತ್ತಾಳೆ.

"ಬಂದಿಲ್ಲ," ಎನ್ನುತ್ತಾಳೆ.

"ತಣ್ಗೈತಲ್ಲ, ನಿಧಾನುಕ್ಕೆ ಬತ್ತವೆ. ನೀನೋಗು."

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಬಿಡಿ ಆಂಟಿ. ನೀವು ಊಟ ಮಾಡಿ."

"ಉಂಡಿವ್ನಿ. ನೀನು ನೀರ್ ಕುಡ್ದಾ?"

ಅವಳು ಕುಡಿದಿಲ್ಲ. ಕುಡಿಸಿ ಕಳಿಸುತ್ತಾರೆ.

ಪರೀಕ್ಷೆ ಅರ್ಧ ಕಳೆದಾಗ ಮುಖ್ಯ ಅಧೀಕ್ಷಕ ಷಡಕ್ಷರಿ ಮೆಟ್ಟಿಲಿಳಿದು ಬರುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕೀ ಗೊಂಚಲು, ತಿಂಗಳಿನಿಂದ ನಿದ್ದೆಗೆಟ್ಟ ಮುಖ. ಕೆಟ್ಟ ಮನುಷ್ಯನಲ್ಲ. ಗಣಿತದ ಮೇಷ್ಟ್ರು, ಗಣಿತ ಹೇಳಿಕೊಟ್ಟು ಎಷ್ಟು ದಿನವಾಯಿತೋ ಅವರಿಗೇ ನೆನಪಿಲ್ಲ. ಗೋಣಿಯ ಎದುರು ಕುಕ್ಕರುಗಾಲಲ್ಲಿ ಕೂತು ಬಾಟಲಿ ನೋಡುತ್ತಾರೆ.

"ಏನಮ್ಮ, ಎದ್ವಾ ನಿನ್ನ ಕುಂಭಕರ್ಣರು?"

"ಇಲ್ಲ ಸಾ."

"ಏಳಲ್ಲ ಬಿಡು. ಐದು ದಿನ ಆಯ್ತು." ದನಿ ತಗ್ಗಿಸುತ್ತಾರೆ. "ಆ ಹುಡುಗಿ ಒಳಗೆ ಬರೀತಾನೇ ಇಲ್ಲ ಕಣಮ್ಮ. ನೋಡ್ಕೊಂಡೇ ಬಂದೆ. ಪೆನ್ ಹಿಡ್ಕೊಂಡು ಕಿಟ್ಕಿ ನೋಡ್ತಾ ಕೂತಿದಾಳೆ. ಇನ್ನೂ ಮೂರು ಪೇಪರಿವೆ ಅವಳಿಗೆ."

ಚಿಕ್ಕಮಾರಮ್ಮ ಗೋಣಿಗೆ ನೀರು ಚಿಮುಕಿಸುತ್ತಾರೆ.

"ಒಂದು ಕೆಲಸ ಮಾಡು. ತುಮಕೂರು ಬಾಟ್ಲಿಲಿ ನೊಣ ಬೇಕಾದಷ್ಟಿವೆ. ಒಂದಿಪ್ಪತ್ತು ಈ ಕುಣಿಗಲ್ ಬಾಟ್ಲಿಗೆ ಹತ್ಸು. ಹೆಂಗೆ ಹತ್ಸೋದು ಅಂತ ನಿಂಗೆ ಗೊತ್ತಲ್ಲ. ಅವಳು ಇಳಿದು ಬಂದ್ಮೇಲೆ ಗೂಡಿಂದ ಮರಿ ಬಂದ್ವು ಅಂತ ಹೇಳು, ಅಷ್ಟೆ. ಅವಳು ಆರಾಮಾಗಿ ಉಳಿದ ಪೇಪರ್ ಬರೀತಾಳೆ."

"ಅವು ತುಮ್ಕೂರ್ವು ಸಾ."

"ಯಾರಿಗಮ್ಮ ಗೊತ್ತಾಗುತ್ತೆ? ನೊಣದ ಬೆನ್ನ ಮೇಲೆ ಪಿನ್‌ಕೋಡ್ ಇರುತ್ತಾ?" ನನ್ನ ಕಡೆ ತಿರುಗುತ್ತಾರೆ. "ಬರ್ಕೊಳ್ಳೋದಾದ್ರೆ ಬರ್ಕೊಳ್ಳಿ. ಇದೇನು ಕೊಲೆನಾ? ಒಂದು ಮಗು ಪಾಸಾಗ್ಲಿ ಅಂತ ಹೇಳ್ತಿದೀನಿ."

ನಿಜಕ್ಕೂ ಅದಕ್ಕಾಗಿಯೇ ಹೇಳುತ್ತಿದ್ದಾರೆ. ಪದವಿ ಸಂಶೋಧನೆ ಎಂದರೇನೆಂದು ಒಂದೇ ಮಾತಿನಲ್ಲಿ ಇಷ್ಟು ಚೆನ್ನಾಗಿ ಇನ್ನಾರೂ ನನಗೆ ವಿವರಿಸಿರಲಿಲ್ಲ.

"ನಿನಗೂ ಒಳ್ಳೇದೇ," ಎನ್ನುತ್ತಾರೆ ಷಡಕ್ಷರಿ. "ನೊಣ ಬದುಕಿವೆ ಅಂದ್ಮೇಲೆ ಸಾಂಬ್ರಾಣಿ ಮಾತು ಯಾರೂ ಎತ್ತಲ್ಲ. ಹೊಸ ಏಜೆನ್ಸಿಯವರಿಗೆ ನಿನ್ನ ಹೆಸರು ನಾನೇ ಹೇಳ್ತೀನಿ."

ಚಿಕ್ಕಮಾರಮ್ಮ ತುಮಕೂರು ಬಾಟಲಿಯನ್ನು ನೋಡುತ್ತಾರೆ. ನೊಣಗಳು ಹತ್ತಿಯ ತನಕ ಹತ್ತಿ ಇಳಿಯುತ್ತಿವೆ. ಮುಂದಿನ ಬಾಟಲಿಯಲ್ಲಿ ಕಂದು ಗೂಡುಗಳು ಗಾಜಿಗೆ ಅಂಟಿದ ಹಾಗೇ ಇವೆ. ಕಪ್ಪು ಬಟ್ಟೆ ಅವರ ಮಡಿಲಲ್ಲೇ ಇದೆ. ಇಡೀ ಕೆಲಸಕ್ಕೆ ಒಂದು ನಿಮಿಷ ಸಾಕು.

"ಅರ್ಜೂ ಇವ್ಗಳ್ನ ಅವ್ಳ ತಾತನ ಗಾಡಿ ಮೇಲಿಂದ ಹಿಡ್ಕಂಡು ಬಂದಿದ್ದು ಸಾ. ಬಸ್ಸಲ್ಲಿ ಮಡ್ಲಲ್ಲಿ ಇಟ್ಕಂಡು."

"ಅದಕ್ಕೇ ಹೇಳಿದ್ದು. ಅವಳ ಸಮಾಧಾನಕ್ಕೆ."

"ಬ್ಯಾಡ ಸಾ."

"ಇನ್ನೊಂದ್ಸಲ ಯೋಚ್ನೆ ಮಾಡಮ್ಮ. ಬೆಲ್ ಹೊಡಿಯೋಕೆ ಇನ್ನೂ ಟೈಮಿದೆ. ನೀನು ಮಾಡ್ದೆ ಇದ್ರೂ ಪರ್ವಾಗಿಲ್ಲ, ಬಾಟ್ಲಿ ಇಲ್ಲಿ ಕೊಡು, ಬೇರೆಯವರ ಕೈಲಿ ಮಾಡಿಸ್ತೀನಿ."

ಚಿಕ್ಕಮಾರಮ್ಮ ಸ್ಟೂಲನ್ನು ಎಳೆದು ಗೋಣಿಯ ಮುಂದೆ, ಬಾಟಲಿಗಳಿಗೆ ಬೆನ್ನು ಕೊಟ್ಟು ಕೂರುತ್ತಾರೆ.

"ಕೊಡಾಕಿಲ್ಲ," ಎನ್ನುತ್ತಾರೆ.